ನೀರಿನೊಳಗಣ ಕಿಚ್ಚಿಗೆ ಅಳತೆಗೋಲು

ಎಸರಿಗಿಟ್ಟ ನೀರು ಮರಳುವುದಕ್ಕೆ ಮುನ್ನ ಸುಂಯ್ಯೆಂದು ಹಾಡುವುದನ್ನು ಕೇಳದವರಿಲ್ಲ. ಅಡಿಗೆಮನೆಯಲ್ಲಿರುವವರಿಗೆ ಅದು ಅಕ್ಕಿ ತೊಳೆದಿಡಬೇಕೆಂಬ ಸೂಚನೆ. ಸ್ನಾನಕ್ಕೆ ಕಾದಿರುವವನಿಗೆ ಹಂಡೆಯ ನೀರು ಹದಕ್ಕೆ ಬರುತ್ತಿದೆಯೆಂಬ ಭರವಸೆ. ಆ ಹಾಡು ಏತರದೆಂದು ವಿಚಾರಿಸಿದವರು ಮಾತ್ರ ವಿರಳ. ಪಾತ್ರೆಯ ತಳದಲ್ಲಿ ಕಾದ ನೀರು ಆವಿಯ ಗುಳ್ಳೆಯಾಗಿ ಮೇಲೇಳುತ್ತದೆ. ಮೇಲಣ ನೀರಿನ್ನೂ ಅಷ್ಟು ಕಾದಿರುವುದಿಲ್ಲವಾದುದರಿಂದ ಗುಳ್ಳೆ ಅರ್ಧದಾರಿಯಲ್ಲಿಯೇ ಕುಸಿದು ಇಲ್ಲವಾಗುತ್ತದೆ. ಲೆಕ್ಕವಿಲ್ಲದ ಇಂಥ ಕುಸಿತಗಳ ಒಟ್ಟು ಸದ್ದೇ ಆ ಹಾಡು. ಇಂಗ್ಲೆಂಡಿನ ಆಸ್ಬರ್ನ್ ರೆನಾಲ್ಡ್ಸ್ ಎಂಬ ವಿದ್ವಾಂಸನು ಕೆಟಲಿನ ನೀರಿನ ಈ ಸದ್ದನ್ನು ಕುರಿತು ಬರೆದುದನ್ನು ಓದುತ್ತಿದ್ದಾಗ ಲಾರ್ಡ್ ರೇಲಿಗೆ ಪ್ರಶ್ನೆಯೊಂದು ಹುಟ್ಟಿತು: ನೀರಿನೊಳಗೆ ಗುಳ್ಳೆಯೊಂದು ಕುಸಿದಾಗ ಏಳುವ ಒತ್ತಡವೆಷ್ಟು? ೧೯೧೭ರಲ್ಲಿ ಆತನು ಪ್ರಕಟಿಸಿದ ಗಣಿತವು ಸೋಜಿಗದ ಉತ್ತರವನ್ನು ಕೊಟ್ಟಿತು. ಒಳಗೆ ಏನೂ ಇಲ್ಲದ ಬರಿಯ ಪೊಳ್ಳಾದರೆ ಒತ್ತಡಕ್ಕೆ ಮಿತಿಯೇ ಇರದು. ಅಷ್ಟಿಷ್ಟು ಅನಿಲವಿದ್ದರೆ ಅದು ಅಡಗಿ, ಇರುಕಿ, ಎಲ್ಲೆ ಕಂಡರೂ ಆ ಎಲ್ಲೆ ಬಹಳ ದೊಡ್ಡದು.

ರೇಲಿಯ ಲೆಕ್ಕಕ್ಕೆ ಎರಡು ದಶಕ ಮೊದಲೇ ಹಡಗು ಕಟ್ಟುವವರು ಈ ಪೊಳ್ಳಿನ ಪೆಟ್ಟನ್ನು ಉಂಡಿದ್ದರು. ೧೮೯೦ರ ದಶಕದಲ್ಲಿ ಬ್ರಿಟಿಷ್ ನೌಕಾಪಡೆಯ ‘ಡೇರಿಂಗ್’ ಎಂಬ ಹಡಗು ಪರೀಕ್ಷೆಗಿಳಿದಾಗ, ಯಂತ್ರದಲ್ಲಿ ಬಲವಿದ್ದರೂ ಎಣಿಸಿದ ವೇಗ ಮಾತ್ರ ಬರಲಿಲ್ಲ. ರಭಸದಿಂದ ತಿರುಗುವ ಅಲಗುಗಳ ಬೆನ್ನಿಗೆ ನೀರು ಹರಿದು, ಅಲ್ಲಿ ಪೊಳ್ಳುಗಳೇಳುತ್ತಿದ್ದುದೇ ಇದಕ್ಕೆ ಕಾರಣವೆಂದು ಆಮೇಲೆ ತಿಳಿಯಿತು. ಆ ವಿದ್ಯಮಾನಕ್ಕೆ ‘ಕ್ಯಾವಿಟೇಶನ್’ ಎಂದು ಹೆಸರಾಯಿತು. ಕುಹರವೆಂಬ ಸಂಸ್ಕೃತ ಶಬ್ದವನ್ನು ಹಿಡಿದು ಇದಕ್ಕೊಂದು ಉದ್ದನೆಯ ಪದವನ್ನು ಕಟ್ಟಬಹುದು. ಆದರೆ ಹಾಲು ಹೆಪ್ಪುಗಟ್ಟುವಂತೆ, ಕೆರೆ ಪಾಚಿಗಟ್ಟುವಂತೆ, ನೀರು ಪೊಳ್ಳುಗಟ್ಟುತ್ತದೆ ಎಂದರೆ ಹಳ್ಳಿಯ ಹುಡುಗನಿಗೂ ಅರ್ಥವಾದೀತು. ಈ ಲೇಖನದ ಮಟ್ಟಿಗೆ ನಾನು ‘ಪೊಳ್ಳುಗಟ್ಟುವಿಕೆ’ ಎಂದೇ ಬರೆಯುತ್ತೇನೆ. ನಾನು ರಸಾಯನವನ್ನು ಕಲಿತವನಲ್ಲ, ರಸವನ್ನು ಪಾಠ ಹೇಳುವವನು. ಪದದ ವಿಷಯದಲ್ಲಿ ಇಷ್ಟು ಸ್ವಾತಂತ್ರ್ಯವನ್ನು ವಿಜ್ಞಾನಿಗಳು ಕೊಟ್ಟಾರೆಂದು ನಂಬಿದ್ದೇನೆ.

ಅಲಗಿಲ್ಲದೆ, ಬೆಂಕಿಯಿಲ್ಲದೆ, ಶಬ್ದವೊಂದರಿಂದಲೇ ನೀರನ್ನು ಪೊಳ್ಳುಗಟ್ಟಿಸಬಹುದು. ಶಬ್ದವೆಂದರೆ ಒತ್ತುವುದು, ಸಡಿಲಿಸುವುದು ಎಂಬ ಎರಡರ ಸರದಿ. ಸಡಿಲಿಕೆ ಬಲವಾದರೆ ನೀರು ಎಳೆಯಲ್ಪಟ್ಟು, ಅದರಲ್ಲಿ ಮೊದಲೇ ಅಡಗಿರುವ ಗಾಳಿಯ ಕಿರುಬೀಜಗಳು ಉಬ್ಬುತ್ತವೆ. ಮರುಕ್ಷಣದ ಒತ್ತಿನಲ್ಲಿ ಕುಸಿಯುತ್ತವೆ. ಸೆಕೆಂಡಿಗೆ ೨೦,೦೦೦ ಸಲಕ್ಕಿಂತ ಹೆಚ್ಚು ಅದುರುವ ಶಬ್ದ ಮನುಷ್ಯನ ಕಿವಿಗೆ ಕೇಳಿಸದು. ಅದನ್ನು ಶ್ರವಣಾತೀತ ಶಬ್ದವೆನ್ನುತ್ತಾರೆ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಫ್ರಾನ್ಸಿನ ಪಾಲ್ ಲಾಂಜೆವಿನ್ ಎಂಬ ಭೌತವಿಜ್ಞಾನಿ ಸಬ್‌ಮೆರೀನುಗಳನ್ನು ಪತ್ತೆ ಹಚ್ಚುವುದಕ್ಕಾಗಿ ಸ್ಫಟಿಕದ ಹಲ್ಲೆಗಳಿಂದ ಇಂಥ ಶಬ್ದವನ್ನು ನೀರಿಗೆ ಬಿಟ್ಟನು. ಅದರ ದಾರಿಗೆ ಅಡ್ಡ ಬಂದ ಸಣ್ಣ ಮೀನುಗಳು ಸತ್ತು ತೇಲಿದುವು. ೧೯೨೭ರಲ್ಲಿ ಅಮೆರಿಕದ ವುಡ್ ಮತ್ತು ಲೂಮಿಸ್ ಎಂಬಿಬ್ಬರು ತೀವ್ರವಾದ ಶ್ರವಣಾತೀತ ಶಬ್ದದ ಪರಿಣಾಮಗಳನ್ನು ವಿಸ್ತಾರವಾಗಿ ಪರೀಕ್ಷಿಸಿದರು. ಅದೇ ವರ್ಷ ರಿಚರ್ಡ್ಸ್ ಮತ್ತು ಲೂಮಿಸ್ ಇಂಥ ಶಬ್ದವು ಕೆಲವು ರಾಸಾಯನಿಕ ಕ್ರಿಯೆಗಳನ್ನೂ ತ್ವರೆಗೊಳಿಸುವುದೆಂದು ಪ್ರಕಟಿಸಿದರು.

ಶಬ್ದಕ್ಕೂ ರಸಾಯನಕ್ಕೂ ಎಲ್ಲಿಯ ನಂಟು? ಸೆಕೆಂಡಿಗೆ ೨೦,೦೦೦ ಸಲ ಅದುರುವ ಶಬ್ದದ ಒಂದು ಅಲೆ ನೀರಿನಲ್ಲಿ ಸುಮಾರು ಏಳೂವರೆ ಸೆಂಟಿಮೀಟರ್ ಉದ್ದವಿರುತ್ತದೆ. ನೀರಿನ ಅಣುವಾದರೋ ಒಂದು ಸೆಂಟಿಮೀಟರಿನ ಹತ್ತು ಕೋಟಿಯಲ್ಲಿ ಕೆಲವು ಪಾಲು. ಇಷ್ಟು ದೊಡ್ಡ ಅಲೆ ಅಷ್ಟು ಚಿಕ್ಕ ಅಣುವನ್ನು ನೇರವಾಗಿ ಹಿಡಿದು ಮುರಿಯಲಾರದು. ಮುರಿಯುವ ಕೆಲಸವನ್ನು ಮಾಡುವುದು ನಡುವಣ ದಲ್ಲಾಳಿಯಾದ ಗುಳ್ಳೆ. ಸೈಕಲ್ಲಿಗೆ ಗಾಳಿ ತುಂಬುವಾಗ ಪಂಪು ಬಿಸಿಯಾಗುವುದನ್ನು ನಾವು ಬಲ್ಲೆವು. ಗುಳ್ಳೆ ಕುಸಿಯುವುದು ಅದಕ್ಕಿಂತ ಎಷ್ಟೋ ಪಾಲು ಬೇಗ. ಒಳಗಿನ ಬಿಸಿಗೆ ಹೊರಕ್ಕೆ ಓಡಲು ಪುರಸತ್ತೇ ಇರದು. ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಪಾಲಿಗಿಂತಲೂ ಕಡಿಮೆ ಕಾಲ, ಕಣ್ಣಿಗೆ ಕಾಣದಷ್ಟು ಜಾಗದಲ್ಲಿ, ಸಾವಿರಾರು ಡಿಗ್ರಿಯ ಕಿಚ್ಚು ಹೊತ್ತಿ ಆರುತ್ತದೆ. ಸುತ್ತಲಿನ ನೀರು ಮಾತ್ರ ಬೆರಳದ್ದಬಹುದಾದಷ್ಟು ತಣ್ಣಗೆ ಇರುತ್ತದೆ. ಆ ಕಿಚ್ಚಿನಲ್ಲಿ ಗುಳ್ಳೆಯೊಳಗಣ ನೀರಾವಿ ಒಡೆದು ಜಲಜನಕದ ಬಿಡಿ ಪರಮಾಣುವೂ ‘ಹೈಡ್ರಾಕ್ಸಿಲ್ ರ್‍ಯಾಡಿಕಲ್’ ಎಂಬ ಒಂಟಿ ತುಣುಕೂ ಹುಟ್ಟುತ್ತವೆ. ಈ ಎರಡನೆಯದು ಬಲು ಹಸಿದ ಜೀವಿ. ಸಿಕ್ಕಿದುದನ್ನು ಉತ್ಕರ್ಷಿಸುತ್ತದೆ, ಏನೂ ಸಿಕ್ಕದಿದ್ದರೆ ತನ್ನಂಥ ಇನ್ನೊಂದರೊಡನೆ ಕೂಡಿ ಹೈಡ್ರೊಜನ್ ಪೆರಾಕ್ಸೈಡ್ ಆಗುತ್ತದೆ.

ಇಲ್ಲಿಯವರೆಗೆ ಕಥೆ. ಇನ್ನು ಮುಂದಿನದು ಅಳತೆ. ನಿಜವಾದ ಕಷ್ಟ ಮೊದಲಾಗುವುದು ಇಲ್ಲಿಯೇ.

ಶಬ್ದವನ್ನು ಅಳೆಯುವುದು ಬೇರೆ, ಶಬ್ದದ ಫಲವನ್ನು ಅಳೆಯುವುದು ಬೇರೆ. ಮೊದಲನೆಯದರ ವಿಷಯದಲ್ಲಿ ನಮ್ಮ ನಾಡಿಗೊಂದು ಹೆಮ್ಮೆಯುಂಟು. ೧೯೩೫-೩೬ರಲ್ಲಿ ಬೆಂಗಳೂರಿನಲ್ಲಿ ಸಿ. ವಿ. ರಾಮನ್ ಮತ್ತು ಎನ್. ಎಸ್. ನಾಗೇಂದ್ರನಾಥ್ ಅವರು, ಶ್ರವಣಾತೀತ ಶಬ್ದ ಹಾಯುತ್ತಿರುವ ದ್ರವದ ಮೂಲಕ ಬೆಳಕನ್ನು ಬಿಟ್ಟರೆ ಅದು ಹಲವು ಕವಲಾಗಿ ಒಡೆಯುವುದೇಕೆಂಬುದನ್ನು ಸಿದ್ಧಾಂತಗೊಳಿಸಿದರು. ಇಂದಿಗೂ ಅದು ಅವರಿಬ್ಬರ ಹೆಸರಿನಲ್ಲಿಯೇ ಪ್ರಸಿದ್ಧವಾಗಿದೆ. ದ್ರವದೊಳಗಣ ಶಬ್ದದ ಅಲೆಯನ್ನು ಬೆಳಕಿನಿಂದ ಓದುವ ದಾರಿ ಹೀಗೆ ತೆರೆಯಿತು. ಆದರೆ ಅಲೆ ಎಷ್ಟು ಬಲವಾಗಿದೆಯೆಂದು ತಿಳಿದ ಮಾತ್ರಕ್ಕೆ ಎಷ್ಟು ಅಣುಗಳು ಮುರಿದುವೆಂದು ತಿಳಿಯದು. ಅಲ್ಯುಮಿನಿಯಂ ಹಾಳೆಯೊಂದನ್ನು ಆ ನೀರಿನಲ್ಲಿ ಇಳಿಯಬಿಟ್ಟರೆ ಗುಳ್ಳೆಗಳ ಪೆಟ್ಟಿನಿಂದ ಅದು ತೂತುತೂತಾಗುತ್ತದೆ. ಅದೂ ಪೆಟ್ಟಿನ ಸಾಕ್ಷಿಯೇ ಹೊರತು ರಸಾಯನದ ಸಾಕ್ಷಿಯಲ್ಲ. ಹೈಡ್ರಾಕ್ಸಿಲನ್ನೇ ಹಿಡಿದು ತಕ್ಕಡಿಗೆ ಹಾಕೋಣವೆಂದರೆ ಅದು ಹುಟ್ಟಿದೊಡನೆ ಮಾಯವಾಗುವಂಥದು. ಹೀಗಿರುವಲ್ಲಿ ಉಳಿಯುವ ದಾರಿ ಒಂದೇ: ಅದು ಬಿಟ್ಟುಹೋದ ಹೆಜ್ಜೆಯ ಗುರುತನ್ನು ಎಣಿಸುವುದು.

ಕಾವ್ಯಮೀಮಾಂಸೆಯನ್ನು ಪಾಠ ಹೇಳುವವನಿಗೆ ಇಲ್ಲಿ ಮಹಿಮಭಟ್ಟನ ನೆನಪಾಗುವುದು ಸಹಜ. ಆನಂದವರ್ಧನನು ಕಾವ್ಯದ ಆತ್ಮವೆಂದು ಸಾರಿದ ಧ್ವನಿಯೆಲ್ಲವೂ ಅನುಮಾನದಲ್ಲಿ ಅಡಕವಾಗುತ್ತದೆಂದು ‘ವ್ಯಕ್ತಿವಿವೇಕ’ದಲ್ಲಿ ಆತ ವಾದಿಸಿದ. ಕಾವ್ಯದ ವಿಷಯದಲ್ಲಿ ಆತನ ವಾದ ಗೆಲ್ಲಲಿಲ್ಲ. ಆದರೆ ಕಿವಿಗೆ ಕೇಳದ ಈ ಇನ್ನೊಂದು ಧ್ವನಿಯ ಮಟ್ಟಿಗೆ ಆತನ ಮಾತೇ ಸರಿ. ಇಲ್ಲಿ ತಿಳಿಯುವುದೆಲ್ಲವೂ ಹೊಗೆಯಿಂದ ಬೆಂಕಿಯನ್ನು ತಿಳಿದಂತೆ. ಆದಕಾರಣ ಹೊಗೆ ಯಾವುದು, ಬರಿಯ ಮಂಜು ಯಾವುದು ಎಂದು ಬೇರ್ಪಡಿಸುವ ಎಚ್ಚರವೇ ಈ ವಿದ್ಯೆಯ ಜೀವಾಳ.

ಬಹು ಪ್ರಸಿದ್ಧವಾದ ‘ಹೊಗೆ’ಯೆಂದರೆ ಅಯೊಡೀನು. ೧೯೨೯ರಲ್ಲಿ ಷ್ಮಿಟ್, ಜಾನ್ಸನ್ ಮತ್ತು ಓಲ್ಸನ್ ಎಂಬ ಮೂವರು ಶ್ರವಣಾತೀತ ಶಬ್ದವು ಅಯೊಡೈಡನ್ನು ಉತ್ಕರ್ಷಿಸಿ ಅಯೊಡೀನನ್ನು ಬಿಡಿಸುವುದೆಂದು ತೋರಿಸಿದರು. ಪೊಟ್ಯಾಸಿಯಂ ಅಯೊಡೈಡ್ ಎಂಬ ಬಿಳಿಯ ಲವಣವನ್ನು ನೀರಿನಲ್ಲಿ ಕರಗಿಸಿದರೆ ನೀರು ತಿಳಿಯಾಗಿಯೇ ಇರುತ್ತದೆ. ಗುಳ್ಳೆಗಳು ಹೆತ್ತ ಹೈಡ್ರಾಕ್ಸಿಲ್ ಅದನ್ನು ತಾಕಿದಾಗ ಅಯೊಡೀನು ಬಿಡುಗಡೆಯಾಗಿ, ಉಳಿದ ಅಯೊಡೈಡಿನೊಡನೆ ಕೂಡಿ ನಸುಹಳದಿಯ ಬಣ್ಣ ತಾಳುತ್ತದೆ. ಅನ್ನದ ಗಂಜಿಗೆ ಅಯೊಡೀನು ಬಿದ್ದರೆ ಕಡುನೀಲಿಯಾಗುವುದನ್ನು ಹೈಸ್ಕೂಲಿನ ಮಕ್ಕಳೂ ಬಲ್ಲರು. ಕಣ್ಣಿಗೆ ಅದು ಸಾಕು. ಲೆಕ್ಕಕ್ಕೆ ಮಾತ್ರ ಬೆಳಕಿನ ಯಂತ್ರ ಬೇಕು. ಈ ಹಳದಿಯ ವಸ್ತು ನೇರಿಳೆಯಾಚೆಯ ಬೆಳಕಿನಲ್ಲಿ, ಸುಮಾರು ೩೫೦ ನ್ಯಾನೊಮೀಟರ್ ಅಲೆಯುದ್ದದ ಬಳಿ, ಬಲವಾಗಿ ಬೆಳಕನ್ನು ಹೀರುತ್ತದೆ. ಎಷ್ಟು ಹೀರಿತೆಂದು ಯಂತ್ರ ಹೇಳಿದರೆ, ಆ ಅಂಕವನ್ನು ಸುಮಾರು ೨೬,೦೦೦ ಎಂಬ ಗೊತ್ತಾದ ಸಂಖ್ಯೆಯಿಂದ ಭಾಗಿಸಿ ಲೀಟರಿಗೆ ಎಷ್ಟು ಮೋಲ್ ಅಯೊಡೀನು ಹುಟ್ಟಿತೆಂದು ತಿಳಿಯಬಹುದು. ೧೯೫೦ರಲ್ಲಿ ವೈಸ್ಲರ್ ಮತ್ತು ಸಂಗಡಿಗರು ಇದಕ್ಕೆ ಕಾರ್ಬನ್ ಟೆಟ್ರಾಕ್ಲೋರೈಡನ್ನು ಸೇರಿಸಿದರೆ ಬಣ್ಣ ಬಹು ಬೇಗ ಬರುವುದನ್ನು ಕಂಡರು. ಆದರೆ ಅಲ್ಲಿ ಹೆಚ್ಚಾಗಿ ಕೆಲಸ ಮಾಡುವುದು ಆ ವಿಷದ್ರವದಿಂದ ಬಿಡುಗಡೆಯಾದ ಕ್ಲೋರೀನು. ಸಾಕ್ಷಿಯ ಧ್ವನಿ ಜೋರಾಯಿತು, ಹೇಳಿಕೆ ಮಾತ್ರ ಬೇರೆಯವನದಾಯಿತು.

ಫಲವೆಷ್ಟು ಎಂದು ತಿಳಿದಂತಾಯಿತು, ಬಂಡವಾಳವೆಷ್ಟು? ಯಂತ್ರದ ಮೇಲಣ ಚೀಟಿಯಲ್ಲಿ ಬರೆದ ವಾಟುಗಳೆಲ್ಲ ನೀರಿಗೆ ಇಳಿಯುವುದಿಲ್ಲ. ಆದುದರಿಂದ ನೀರು ಎಷ್ಟು ಬೇಗ ಬಿಸಿಯಾಗುತ್ತದೆಂದು ಥರ್ಮಾಮೀಟರಿನಿಂದ ನೋಡಿ, ಒಳಹೊಕ್ಕ ಶಕ್ತಿಯನ್ನು ಎಣಿಸುತ್ತಾರೆ. ಉದಾಹರಣೆಗೆ, ೫೦ ವಾಟೆಂದು ಬರೆದ ಯಂತ್ರವೊಂದು ೧೦೦ ಗ್ರಾಂ ನೀರನ್ನು ನಿಮಿಷಕ್ಕೆ ೧.೨ ಡಿಗ್ರಿಯಷ್ಟು ಬಿಸಿ ಮಾಡಿತೆಂದು ಇಟ್ಟುಕೊಳ್ಳಿ. ನೀರಿನ ಗ್ರಾಮೊಂದನ್ನು ಒಂದು ಡಿಗ್ರಿ ಏರಿಸಲು ೪.೧೮ ಜೂಲ್ ಬೇಕಷ್ಟೆ. ಅಲ್ಲಿಗೆ ಒಳಹೊಕ್ಕುದು ಎಂಟೂವರೆ ವಾಟಿಗೂ ಕಡಿಮೆ. ಹತ್ತು ನಿಮಿಷಕ್ಕೆ ಸುಮಾರು ೫,೦೦೦ ಜೂಲ್. ಅಷ್ಟರಲ್ಲಿ ಬೆಳಕಿನ ಯಂತ್ರ ಒಂದು ಸೆಂಟಿಮೀಟರ್ ಅಗಲದ ಕುಪ್ಪಿಯಲ್ಲಿ ೦.೫ ಎಂದು ತೋರಿಸಿದರೆ, ೧೦೦ ಮಿಲಿಲೀಟರಿನಲ್ಲಿ ಹುಟ್ಟಿದ ಅಯೊಡೀನು ೧.೯ ಮೈಕ್ರೊಮೋಲ್. ಜೂಲಿಗೆ ಸುಮಾರು ೦.೩೮ ನ್ಯಾನೊಮೋಲ್, ನ್ಯಾನೊ ಎಂದರೆ ನೂರು ಕೋಟಿಯಲ್ಲಿ ಒಂದು ಪಾಲು. ಹೀಗೆ ಫಲವನ್ನು ಬಂಡವಾಳದಿಂದ ಭಾಗಿಸಿ ಬರುವ ಅಂಕವನ್ನು ಬೇರೆಬೇರೆ ಯಂತ್ರಗಳ ಹೋಲಿಕೆಗೆ ಪ್ರಮಾಣವಾಗಿ ಇಟ್ಟುಕೊಳ್ಳಬಹುದೆಂದು ೨೦೦೩ರಲ್ಲಿ ಜಪಾನಿನ ಕೋಡಾ ಮತ್ತು ಸಂಗಡಿಗರು ಸೂಚಿಸಿದರು. ಅದಕ್ಕೆ ಮುಂಚೆ ಒಂದೊಂದು ಪ್ರಯೋಗಶಾಲೆಯದೂ ಒಂದೊಂದು ಊರಿನ ಸೇರು, ಒಂದೊಂದು ಊರಿನ ಕೊಳಗ ಎಂಬಂತಾಗಿತ್ತು.

ಒಬ್ಬ ಸಾಕ್ಷಿಯ ಮಾತಿನ ಮೇಲೆ ತೀರ್ಪು ಕೊಡಬಾರದಲ್ಲವೆ? ಎಕ್ಸ್-ಕಿರಣವನ್ನು ಅಳೆಯುವುದಕ್ಕೆಂದು ಫ್ರಿಕೆ ರೂಪಿಸಿದ ಕಬ್ಬಿಣದ ದ್ರಾವಣವನ್ನು ಇಲ್ಲಿಯೂ ಬಳಸುತ್ತಾರೆ. ಅದರಲ್ಲಿ ಕಬ್ಬಿಣ ಒಂದು ಮಟ್ಟದಿಂದ ಮೇಲಿನ ಮಟ್ಟಕ್ಕೆ ಉತ್ಕರ್ಷಿತವಾಗುವುದೇ ಗುರುತು. ಟೆರೆಥಾಲಿಕ್ ಆಮ್ಲವೆಂಬುದು ಹೈಡ್ರಾಕ್ಸಿಲನ್ನು ಕೂಡಿದ ಮೇಲೆ ನೇರಿಳೆಯಾಚೆಯ ಬೆಳಕಿನಲ್ಲಿ ನೀಲಿಯಾಗಿ ಹೊಳೆಯುತ್ತದೆ. ಇದು ಬಹಳ ಸೂಕ್ಷ್ಮವಾದ ಸಾಕ್ಷಿ. ೧೯೮೨ರಲ್ಲಿ ಮಾಕಿನೊ, ಮೊಸ್ಸೊಬಾ ಮತ್ತು ರೀಸ್ ಎಂಬವರು ಕ್ಷಣಿಕವಾದ ರ್‍ಯಾಡಿಕಲ್‌ಗಳನ್ನು ಹಿಡಿದಿಡುವ ‘ಬಲೆ’ಯ ಅಣುವೊಂದನ್ನು ನೀರಿಗೆ ಬೆರೆಸಿ, ಜಲಜನಕದ ಪರಮಾಣು ಮತ್ತು ಹೈಡ್ರಾಕ್ಸಿಲ್ ಎರಡೂ ಹುಟ್ಟುವುದಕ್ಕೆ ನೇರವಾದ ಪುರಾವೆಯನ್ನು ಒದಗಿಸಿದರು. ಗುಳ್ಳೆಯೊಳಗಣ ಕಾವನ್ನೂ ಹೀಗೆಯೇ ಅನುಮಾನದಿಂದ ತಿಳಿದುದು. ಕಾವಿಗೆ ತಕ್ಕಂತೆ ಬೇರೆಬೇರೆ ವೇಗದಲ್ಲಿ ನಡೆಯುವ ಕ್ರಿಯೆಗಳನ್ನು ಹೋಲಿಸಿ, ೧೯೮೬ರಲ್ಲಿ ಅಮೆರಿಕದ ಕೆನೆತ್ ಸುಸ್ಲಿಕ್ ಮತ್ತು ಸಂಗಡಿಗರು ಅದು ಸುಮಾರು ೫,೨೦೦ ಕೆಲ್ವಿನ್ ಎಂದರು. ಆ ಪ್ರಯೋಗ ನಡೆದುದು ನೀರಿನಲ್ಲಲ್ಲ, ಬೇರೊಂದು ದ್ರವದಲ್ಲಿ ಎಂಬುದನ್ನೂ ಹೇಳಬೇಕು. ೧೯೯೧ರಲ್ಲಿ ಫ್ಲಿಂಟ್ ಮತ್ತು ಸುಸ್ಲಿಕ್ ಸಿಲಿಕೋನ್ ಎಣ್ಣೆಯ ಗುಳ್ಳೆಗಳು ಸೂಸುವ ಬೆಳಕನ್ನು ಬಿಡಿಸಿ ನೋಡಿದಾಗಲೂ ಉತ್ತರ ಐದು ಸಾವಿರದ ಆಸುಪಾಸಿನಲ್ಲಿಯೇ ನಿಂತಿತು.

ಇಷ್ಟೆಲ್ಲ ಆದರೂ ಈ ಗುಳ್ಳೆಗಳಷ್ಟು ಚಂಚಲವಾದುದು ಇನ್ನೊಂದಿಲ್ಲ. ನೀರಿನಲ್ಲಿ ಕರಗಿದ ಅನಿಲವನ್ನೆಲ್ಲ ತೆಗೆದುಬಿಟ್ಟರೆ ಗುಳ್ಳೆಗೆ ಬೀಜವಿಲ್ಲದೆ ಫಲ ಕುಗ್ಗುತ್ತದೆ. ಆರ್ಗಾನ್ ತುಂಬಿದರೆ ಹೆಚ್ಚುತ್ತದೆ, ಇಂಗಾಲದ ಡೈ ಆಕ್ಸೈಡ್ ತುಂಬಿದರೆ ಅಡಗುತ್ತದೆ. ನಮ್ಮ ಸುತ್ತಣ ಗಾಳಿಯೇ ಇದ್ದರೆ ಅದರ ಸಾರಜನಕವೂ ಆ ಕಿಚ್ಚಿನಲ್ಲಿ ಬೆಂದು ನೀರಿಗೆ ಅಷ್ಟಿಷ್ಟು ಹುಳಿಯನ್ನು ಸೇರಿಸುತ್ತದೆ. ನೀರು ಬಿಸಿಯಾದಷ್ಟೂ ಗುಳ್ಳೆಯೊಳಗೆ ಆವಿ ತುಂಬಿ, ಕುಸಿತಕ್ಕೆ ಮೆತ್ತೆ ಹಾಸಿದಂತಾಗಿ ಫಲ ಇಳಿಮುಖವಾಗುತ್ತದೆ. ಅದುರುವಿಕೆಯ ಸಂಖ್ಯೆಯೂ ಮುಖ್ಯ. ಹೊಳೆಯ ಕಲರವ ಗಾಳಿಗುಳ್ಳೆಗಳ ಮಿಡಿತವೆಂದು ೧೯೩೩ರಲ್ಲಿ ತೋರಿಸಿದ ಡಚ್ ವಿಜ್ಞಾನಿ ಮಿನ್ನಾರ್ಟ್, ಗುಳ್ಳೆ ಚಿಕ್ಕದಾದಷ್ಟೂ ಅದರ ಶ್ರುತಿ ಮೇಲೆಂಬುದಕ್ಕೆ ಲೆಕ್ಕವನ್ನೂ ಕೊಟ್ಟನು. ಸೆಕೆಂಡಿಗೆ ೨೦,೦೦೦ ಮಿಡಿತದ ಶಬ್ದದಲ್ಲಿ ಗುಳ್ಳೆ ದೊಡ್ಡದು, ಪೆಟ್ಟು ಬಲವಾದುದು. ಕೆಲವು ಲಕ್ಷ ಮಿಡಿತದ ಶಬ್ದದಲ್ಲಿ ಗುಳ್ಳೆ ಸಣ್ಣದು, ಆದರೆ ರಾಸಾಯನಿಕ ಫಲ ಹೆಚ್ಚು. ಪಾತ್ರೆಯ ಆಕಾರ, ಕುಪ್ಪಿಯನ್ನು ಇಟ್ಟ ಜಾಗ, ನೀರಿನ ಎತ್ತರ ಇವುಗಳಲ್ಲಿ ಒಂದು ಸ್ವಲ್ಪ ಬದಲಾದರೂ ಉತ್ತರ ಬದಲಾಗುತ್ತದೆ.

ಈ ವಿಷಯಕ್ಕೂ ಕನ್ನಡ ಅಧ್ಯಾಪಕನಾದ ನನಗೂ ಸಂಬಂಧ ಬೆಳೆದುದು ನಮ್ಮ ಕಾಲೇಜಿನ ವಾರ್ಷಿಕ ಸಂಚಿಕೆಯ ದೆಸೆಯಿಂದ. ರಸಾಯನಶಾಸ್ತ್ರದ ವಿದ್ಯಾರ್ಥಿನಿಯೊಬ್ಬಳು ತನ್ನ ಪ್ರಯೋಗವನ್ನು ಕುರಿತು ಕನ್ನಡದಲ್ಲಿ ಲೇಖನ ಬರೆದು, ತಿದ್ದಿಕೊಡಿರೆಂದು ತಂದಳು. ಚಿನ್ನದಂಗಡಿಗಳಲ್ಲಿ ಒಡವೆ ತೊಳೆಯಲು ಬಳಸುವಂಥ ಶ್ರವಣಾತೀತ ತೊಟ್ಟಿಯೊಂದರಲ್ಲಿ ಅಯೊಡೈಡಿನ ಕುಪ್ಪಿಯನ್ನಿಟ್ಟು, ಎಷ್ಟು ಹೊತ್ತಿಗೆ ಎಷ್ಟು ಹಳದಿಯಾಗುತ್ತದೆಂದು ಅಳೆಯುವುದು ಅವಳ ಕೆಲಸ. ಹದಿನಾಲ್ಕು ಅಳತೆಗಳಾಗಿದ್ದುವು, ಗೆರೆ ನೇರವಾಗಿ, ಅಂದವಾಗಿ ಏರಿತ್ತು. ನಾನು ವಾಕ್ಯಗಳನ್ನು ತಿದ್ದಿ ಮುಗಿಸುವುದರೊಳಗೆ ಅವಳು ಬಂದು ಲೇಖನವನ್ನು ಹಿಂದಕ್ಕೆ ಕೇಳಿದಳು. ಶಬ್ದವನ್ನೇ ಕಾಣದ ದ್ರಾವಣ ಸ್ವಲ್ಪ ಮಿಕ್ಕಿ, ಅದನ್ನು ಕಿಟಕಿಯ ಬಳಿ ಮರೆತು ಬಿಟ್ಟಿದ್ದಳಂತೆ. ಸಂಜೆಗೆ ನೋಡಿದರೆ ಅದೂ ನಸುಹಳದಿ. ಬಿಸಿಲು ಮತ್ತು ಗಾಳಿ ಎರಡೇ ಸೇರಿಯೂ ಅಯೊಡೈಡಿನಿಂದ ಅಯೊಡೀನನ್ನು ನಿಧಾನವಾಗಿ ಬಿಡಿಸಬಲ್ಲುವು. ಅವಳ ತೊಟ್ಟಿಯಿದ್ದುದೂ ಅದೇ ಕಿಟಕಿಯ ಬೆಳಕಿನಲ್ಲಿ. ಹೋಲಿಕೆಗೆಂದು ಇಟ್ಟ ದ್ರಾವಣವಿದ್ದುದು ಬೀರುವಿನ ಕತ್ತಲೆಯಲ್ಲಿ.

ನೈಯಾಯಿಕರ ಮಾತಿನಲ್ಲಿ ಹೇಳುವುದಾದರೆ, ಅವಳ ಹೇತು ವ್ಯಭಿಚಾರಿಯಾಗಿತ್ತು: ಸಾಧ್ಯವಿಲ್ಲದ ಕಡೆಯಲ್ಲಿಯೂ ಅದು ತಲೆ ಹಾಕಿತ್ತು. ಬಿಸಿಲಿನ ಪಾಲು ಅಲ್ಪ, ಅಂದಾಜಿನಿಂದ ಕಳೆದುಬಿಟ್ಟರಾಯಿತೆಂದು ಸಲಹೆ ಕೊಟ್ಟವರು ಇದ್ದರು. ವರದಿಯನ್ನು ಒಪ್ಪಿಸಲು ಎರಡೇ ವಾರ ಉಳಿದಿದ್ದುವು. ಅವಳು ಹದಿನಾಲ್ಕು ಅಳತೆಗಳನ್ನೂ ಒಂದೇ ಗೆರೆಯಿಂದ ಹೊಡೆದು ಹಾಕಿದಳು. ಕುಪ್ಪಿಗಳೆರಡಕ್ಕೂ ಕಪ್ಪು ಕಾಗದ ಸುತ್ತಿ, ಒಂದರಂತೆಯೇ ಇನ್ನೊಂದನ್ನು ಇಟ್ಟು, ಒಂದಕ್ಕೆ ಮಾತ್ರ ಶಬ್ದ ಕೊಟ್ಟು, ಮತ್ತೆ ಮೊದಲಿನಿಂದ ಅಳೆದಳು. ವರದಿಯ ದಿನಕ್ಕೆ ಒಂಬತ್ತೇ ಅಳತೆಗಳಾದುವು. ಗೆರೆಯ ಏರು ಮೊದಲಿಗಿಂತ ತಗ್ಗಿತು, ಅಂದವೂ ಕಡಿಮೆಯಾಯಿತು. ಹೊಸ ಲೇಖನದಲ್ಲಿ ಅವಳು ನನ್ನನ್ನು ಕೇಳಿದ ಸಂದೇಹ ಒಂದೇ: “ಸಾರ್, ‘ಹೈಡ್ರಾಕ್ಸಿಲ್ ಹುಟ್ಟಿದುದು ಕಂಡುಬಂದಿತು’ ಎಂದು ಬರೆಯಬಹುದೆ? ನಾನು ಕಂಡದ್ದು ಹಳದಿ ಬಣ್ಣವನ್ನು ಮಾತ್ರ.” ವ್ಯಾಕರಣವನ್ನು ಇಪ್ಪತ್ತು ವರ್ಷ ಪಾಠ ಹೇಳಿದ ನನಗೆ ಕ್ರಿಯಾಪದವೊಂದರ ಹೊಣೆ ಅಷ್ಟು ಭಾರವಾಗಿ ತೋರಿದ್ದು ಅದೇ ಮೊದಲು. ‘ಹಳದಿ ಬಣ್ಣ ಕಂಡುಬಂದಿತು, ಇದರಿಂದ ಹೈಡ್ರಾಕ್ಸಿಲ್ ಹುಟ್ಟಿತೆಂದು ಊಹಿಸಬಹುದು’ ಎಂದು ಬರೆಸಿದೆ.

ಇಷ್ಟು ಸೂಕ್ಷ್ಮ ಏಕೆಂದು ಕೇಳುವವರುಂಟು. ಹೈಡ್ರಾಕ್ಸಿಲ್ ಬಣ್ಣಗಳನ್ನು ಒಡೆಯಬಲ್ಲುದು, ಕೀಟನಾಶಕಗಳನ್ನು ಮುರಿಯಬಲ್ಲುದು. ಬಣ್ಣದ ಕಾರ್ಖಾನೆಗಳ ಕೊಳೆನೀರನ್ನು ಶಬ್ದದಿಂದ ತೊಳೆಯುವ ಆಸೆ ಆದುದರಿಂದಲೇ ಹುಟ್ಟಿದೆ. ಆ ದಿಕ್ಕಿನಲ್ಲಿ ನಮ್ಮ ದೇಶದಲ್ಲಿಯೂ ಪ್ರಾಮಾಣಿಕವಾದ ಸಂಶೋಧನೆ ನಡೆದಿದೆ. ಆಸೆಯಿದ್ದಲ್ಲಿ ಅತಿಶಯೋಕ್ತಿಯೂ ಇರುತ್ತದೆ. ಮೇಲೆ ಹೇಳಿದ ಉದಾಹರಣೆಯನ್ನೇ ಮುಂದುವರಿಸೋಣ. ವಿದ್ಯುತ್ತಿನ ಒಂದು ಯೂನಿಟ್ಟೆಂದರೆ ೩೬ ಲಕ್ಷ ಜೂಲ್. ಅದೆಲ್ಲವೂ ಸೋರದೆ ನೀರಿಗಿಳಿದರೂ, ಜೂಲಿಗೆ ೦.೩೮ ನ್ಯಾನೊಮೋಲಿನಂತೆ ಹುಟ್ಟುವ ಅಯೊಡೀನು ಒಂದು ಗ್ರಾಮಿನ ಮೂರನೆಯ ಒಂದು ಪಾಲಿನಷ್ಟು. ಉಳಿದ ಶಕ್ತಿಯೆಲ್ಲ ಹೆಚ್ಚುಕಡಮೆ ನೀರನ್ನು ಬೆಚ್ಚಗೆ ಮಾಡುವುದರಲ್ಲಿಯೇ ಕಳೆದುಹೋಗುತ್ತದೆ. ಊರಿನ ಕೆರೆಯನ್ನು ಶಬ್ದದಿಂದ ಶುದ್ಧಿ ಮಾಡಿಕೊಡುತ್ತೇವೆಂದು ನಾಳೆ ಯಾರಾದರೂ ಬಂದರೆ, ಅವರನ್ನು ನಾವು ಕೇಳಬೇಕಾದ ಪ್ರಶ್ನೆಗಳು ಇವೇ: ನೀರಿಗಿಳಿದ ಶಕ್ತಿ ಎಷ್ಟು? ಜೂಲಿಗೆ ಫಲವೆಷ್ಟು? ಶಬ್ದ ಕೊಡದ ನೀರನ್ನು ಜೊತೆಗಿಟ್ಟು ನೋಡಿದಿರಾ? ಈ ಮೂರು ಪ್ರಶ್ನೆಗಳನ್ನು ಕನ್ನಡದಲ್ಲಿಯೇ ಕೇಳಬಹುದು. ಕೇಳಲು ರಸಾಯನಶಾಸ್ತ್ರದ ಪದವಿ ಬೇಕಿಲ್ಲ.

ಅಲ್ಪಫಲವೆಂದು ಈ ವಿದ್ಯೆಯನ್ನು ಕಡೆಗಣಿಸಬೇಕೆಂದು ನನ್ನ ಅಭಿಪ್ರಾಯವಲ್ಲ. ಎಷ್ಟು ಅಲ್ಪವೆಂದು ನಿಖರವಾಗಿ ತಿಳಿದ ಮೇಲೆಯೇ ಅದನ್ನು ಹೆಚ್ಚಿಸುವ ದಾರಿ ಹುಡುಕುವುದು ಸಾಧ್ಯ. ಯಾವ ಅನಿಲ, ಯಾವ ಶ್ರುತಿ, ಎಷ್ಟು ಕಾವು ಎಂಬ ಒಂದೊಂದನ್ನೂ ಬದಲಿಸಿ, ಒಂದೊಂದಕ್ಕೂ ಅಂಕವನ್ನು ಪಡೆದು, ಹೋಲಿಸಿ ನಡೆದವರಿಂದಲೇ ಈ ತನಕ ಆಗಿರುವ ಪ್ರಗತಿ ಆದುದು. ವಿಮರ್ಶೆಯಲ್ಲಿಯೂ ನಮ್ಮ ಪಾಡು ಇದಕ್ಕಿಂತ ಭಿನ್ನವಲ್ಲ. ಕವಿತೆಯೊಂದು ‘ಹೃದಯವನ್ನು ಕಲಕುತ್ತದೆ’ ಎಂದು ಬರೆಯುವಾಗ, ಕಲಕಿದುದು ಕವಿತೆಯೋ, ಕವಿಯ ಹೆಸರೋ, ಓದಿದ ಸಂಜೆಯ ಬಿಸಿಲೋ ಎಂದು ಬೇರ್ಪಡಿಸಿ ನೋಡಿದವರು ನಮ್ಮಲ್ಲಿ ಎಷ್ಟು ಮಂದಿ? ಕಪ್ಪು ಕಾಗದ ಸುತ್ತಿದ ಇನ್ನೊಂದು ಕುಪ್ಪಿ ಸಾಹಿತ್ಯಕ್ಕೆ ಸಿಗಲಾರದು, ನಿಜ. ಆದರೆ ಕಂಡುದಕ್ಕೆ ಒಂದು ಕ್ರಿಯಾಪದ, ಊಹಿಸಿದುದಕ್ಕೆ ಇನ್ನೊಂದು ಎಂಬ ನೇಮವನ್ನು ಪಾಲಿಸುವುದಕ್ಕೆ ಯಂತ್ರವೇನೂ ಬೇಡ.